ಬೆಟ್ಟದ ಗೊರಕೆ

"ಸಿಂಹ ಅಲ್ಲ, ಬೆಟ್ಟ! ಬೆಟ್ಟ ಗೊರಕೆ ಹೊಡೀಬೇಕು!"

ಚೂಟಿ ಕಂಪ್ಯೂಟರಿಗೆ ಬೈದಳು. ಅದಕ್ಕೇನು, ಬೈದರೆ ಬೇಸರವಿಲ್ಲ. ಮತ್ತೊಮ್ಮೆ ಸಿಂಹದ ಹಾಗೆ ಗರ್ಜಿಸಿತು. ಇದಕ್ಕೆ ಮೊದಲು ಲಾರಿ ಸ್ಟಾರ್ಟ್ ಆದ ಸದ್ದು ಕೊಟ್ಟಿತ್ತು. ಅದಕ್ಕೂ ಮೊದಲು ಯಾರೋ ಮಿಕ್ಸಿಗೆ ಕಲ್ಲು ಹಾಕಿ ರುಬ್ಬಿದಂತಿತ್ತು.

"ಏನಂತ ಟೈಪ್ ಮಾಡಿದೆ?" ಕೊಕ್ಕರೆ ಕತ್ತು ಉದ್ದ ಮಾಡಿದ.

"ಸಾವಿರ ವರ್ಷದಿಂದ ಮಲಗಿರೋ ಬೆಟ್ಟದ ಗೊರಕೆ ಅಂತ. ಇನ್ನೇನು ಮಾಡ್ಲಿ?"

"ಪ್ಲೀಸ್ ಅಂತ ಹಾಕು," ಅಂದಳು ಡಬ್ಬಿ.

ಪ್ಲೀಸ್ ಹಾಕಿದರು. ಸಿಂಹ ಸ್ವಲ್ಪ ಮೆಲ್ಲಗೆ ಗರ್ಜಿಸಿತು.

ಮೂವರೂ ಐದನೇ ಕ್ಲಾಸು, ಮೂವರದೂ ಅಡ್ಡಹೆಸರು. ಎಐ ಬಳಸಿ ಎರಡು ನಿಮಿಷದ ಸಿನಿಮಾ ಮಾಡಿ ಎಂದು ಕಂಪ್ಯೂಟರ್ ಮಿಸ್ ಹೇಳಿದ್ದರು. ಊಟದ ಬೆಲ್ ಹೊಡೆಯುವ ಮೊದಲೇ ತನ್ನ ಡಬ್ಬಿಯನ್ನು ಅರ್ಧ ಖಾಲಿ ಮಾಡುವ ಡಬ್ಬಿಯೇ ಕತೆ ಬರೆದಿದ್ದಳು. ಒಂದು ಬೆಟ್ಟ ಮಲಗಿದೆ. ಅದರ ಹೊಟ್ಟೆಯ ಮೇಲೆ ಒಂದು ಊರಿದೆ. ಬೆಟ್ಟ ಗೊರಕೆ ಹೊಡೆದಾಗಲೆಲ್ಲ ಮನೆಗಳು ಮೇಲೇರಿ ಕೆಳಗಿಳಿಯುತ್ತವೆ.

ಉದ್ದ ಕಾಲಿನ ಕೊಕ್ಕರೆ ಎಐ ಹತ್ತಿರ ಚಿತ್ರ ಮಾಡಿಸಿದ್ದ. ಹುಲ್ಲಿನ ಹುಬ್ಬು, ಬಂಡೆಯ ಮೂಗು! ಮಿಸ್ಸೇ ಕುರ್ಚಿ ಎಳೆದುಕೊಂಡು ಕೂತು ನೋಡಿದ್ದರು. ಸದ್ದು ಮಾತ್ರ ಚೂಟಿಯ ಪಾಲಿಗೆ ಬಂದಿತ್ತು. ಮಿಸ್ಸಿನ ಅಕೌಂಟಿನಲ್ಲಿ ದಿನಕ್ಕೆ ಹತ್ತೇ ಸದ್ದು ಸಿಗುತ್ತಿದ್ದವು. ಆ ಹತ್ತೂ ಮುಗಿದವು.

"ನಿನ್ನಿಂದ ನಮ್ಮ ಬೆಟ್ಟ ಮೂಕ ಆಯ್ತು," ಅಂದ ಕೊಕ್ಕರೆ.

ಚೂಟಿ ಮುಖ ಊದಿಸಿಕೊಂಡು ಮನೆಗೆ ಹೋದಳು.

ಚೂಟಿಯ ತಾತ ಮೂವತ್ತು ವರ್ಷ ಕಾರ್ಖಾನೆಯಲ್ಲಿ ರಾತ್ರಿ ವಾಚ್‌ಮನ್ ಆಗಿದ್ದವರು. "ಒಂದೇ ಒಂದು ರಾತ್ರಿ ರೆಪ್ಪೆ ಮುಚ್ಚಿದವನಲ್ಲ ನಾನು," ಎಂದು ಮೀಸೆ ತೀಡುತ್ತಿದ್ದರು. ಈಗಲೂ ಊಟದ ನಂತರ ಆರಾಮ ಕುರ್ಚಿಗೆ ಒರಗಿದರೆ ಅದನ್ನು ಯಾರೂ ನಿದ್ದೆ ಎನ್ನಬಾರದು. ಅದು ಕಣ್ಣಿಗೆ ರೆಸ್ಟ್.

"ಕಣ್ಣಿಗೆ ರೆಸ್ಟ್ ಆದ್ರೆ ಮೂಗು ಯಾಕ್ರೀ ಡ್ಯೂಟಿ ಮಾಡತ್ತೆ?" ಎಂದು ಅಜ್ಜಿ ಕೆಣಕುತ್ತಿದ್ದರು.

"ನಾನು ಗೊರಕೆ ಹೊಡೆಯೋನಲ್ಲ," ಎಂದು ತಾತ ಗಂಭೀರವಾಗಿ ಹೇಳುತ್ತಿದ್ದರು. ಅದು ಅವರಿಗೆ ತಮಾಷೆಯ ಮಾತಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಚೂಟಿ ಹೋಂವರ್ಕ್ ಮಾಡುತ್ತಾ ಕೂತಿದ್ದಾಗ ತಾತನ ಕಣ್ಣಿಗೆ ರೆಸ್ಟ್ ಶುರುವಾಯಿತು. ಮೊದಲು ಸಣ್ಣ ಗೊರಗೊರ. ಅದು ನಿಧಾನವಾಗಿ ಏರಿತು, ಏರಿತು, ಮೇಲೆ ಹೋಗಿ ನಿಂತೇಬಿಟ್ಟಿತು. ಇಡೀ ಮನೆ ಉಸಿರು ಹಿಡಿಯಿತು. ಆಮೇಲೆ 'ಪುಸ್ಸ್' ಎಂದು ಇಳಿಯಿತು.

ಚೂಟಿಯ ಕೈಯಿಂದ ಪೆನ್ಸಿಲ್ ಬಿತ್ತು. ಬೆಟ್ಟ ಮನೆಯಲ್ಲೇ ಇದೆಯಲ್ಲ! ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಅಮ್ಮನ ಫೋನು ತಂದಳು. ರೆಕಾರ್ಡ್ ಒತ್ತಿ ತಾತನ ಕುರ್ಚಿಯ ಕೈ ಮೇಲೆ ಇಟ್ಟಳು.

ಭಾನುವಾರ ಕೊಕ್ಕರೆ ತನ್ನ ಅಕ್ಕನ ಲ್ಯಾಪ್‌ಟಾಪ್ ಹೊತ್ತು ಬಂದ. ಡಬ್ಬಿಯೂ ಬಂದಳು. ಗೊರಕೆಯನ್ನು ಚಿತ್ರಕ್ಕೆ ಕೂಡಿಸಿದರು. ಗೊರಕೆ ಏರಿದಾಗ ಮನೆಗಳು ಏರಿದವು, ಮೇಲೆ ನಿಂತಾಗ ನಿಂತವು, 'ಪುಸ್ಸ್' ಅಂದಾಗ ಕೆಳಗೆ ಬಂದವು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಏನ್ರೋ ಗಲಾಟೆ?" ಎಂದು ತಾತ ಕನ್ನಡಕ ಏರಿಸುತ್ತಾ ಬಂದರು. ಬೆಟ್ಟ ನೋಡಿ ಅವರಿಗೂ ನಗು ಬಂತು. "ಅಬ್ಬಬ್ಬಾ! ಯಾವ ಕೋಣಾನ ಮಲಗಿಸಿದ್ರಿ? ಊರಿಗೆಲ್ಲ ನಿದ್ದೆ ಕೆಡಿಸ್ತಾ ಇದೆಯಲ್ಲ! ಯಾರದು ಈ ಗೊರಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಚೂಟಿಯ ಕತೆ. "ನಾನಲ್ಲ! ಎಐ ಮಾಡಿದ್ದು, ತಾತ," ಅಂದುಬಿಟ್ಟಳು.

ರೆಕಾರ್ಡನ್ನು ಅವಳು ಕೊನೆಯವರೆಗೆ ಕೇಳಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಗೊರಕೆ ತಟ್ಟನೆ ನಿಂತಿತು. ನಿದ್ದೆಗಣ್ಣಿನ ದನಿಯೊಂದು ಗೊಣಗಿತು: "ಯಾರು ಅಲ್ಲಿ? ಗೇಟ್ ಹತ್ರ ಯಾರು?"

"ಬೆಟ್ಟ ಮಾತಾಡ್ತು!" ಡಬ್ಬಿ ನೆಲದ ಮೇಲೆ ಉರುಳಿ ನಕ್ಕಳು. ಕೊಕ್ಕರೆಯೂ ನಕ್ಕ. ತಡೆಯಲಾರದೆ ಚೂಟಿಯೂ ನಕ್ಕಳು.

ತಾತನ ನಗು ಮಾತ್ರ ನಿಂತುಹೋಯಿತು. ತನ್ನ ದನಿ ಯಾರಿಗೆ ತಾನೆ ಗೊತ್ತಾಗುವುದಿಲ್ಲ?

"ಎಐ ಮಾಡಿದ್ದಾ," ಎಂದು ಮೆಲ್ಲಗೆ ಹೇಳಿ ಹೊರಗೆ ಹೋದರು.

ಮರುದಿನ ತಾತ ಆರಾಮ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದರು. ಮಧ್ಯಾಹ್ನವಿಡೀ ಅಡುಗೆಮನೆಯ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮಂಗಳವಾರವೂ ಹಾಗೇ. ಬುಧವಾರ ಚೂಟಿ ಸ್ಕೂಲಿನಿಂದ ಬಂದಾಗ ಅವರ ಕಣ್ಣುಗಳು ಕೆಂಪಗಿದ್ದವು.

"ಮೂರು ದಿನದಿಂದ ಮಧ್ಯಾಹ್ನ ಮಲಗಿಲ್ಲ ಕಣೇ," ಎಂದು ಅಜ್ಜಿ ಪಿಸುಗುಟ್ಟಿದರು. "ಏನಾಗಿದೆಯೋ. ನಾನು ರೇಗಿಸಿದ್ರೂ ರೇಗ್ತಿಲ್ಲ."

ಚೂಟಿ ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ನೋಡಿದಳು.

ಗುರುವಾರ ಅವಳು ಮಿಸ್ಸಿನ ಹತ್ತು ಸದ್ದುಗಳನ್ನೂ ಮತ್ತೆ ಪ್ರಯತ್ನಿಸಿದಳು. ಎರಡು ಸಿಂಹ, ಮೂರು ಗುಡುಗು, ಉಳಿದವು ಏನೆಂದು ಎಐಗೂ ಗೊತ್ತಿರಲಿಕ್ಕಿಲ್ಲ.

"ಇರೋದೇ ಸೂಪರಾಗಿದೆ," ಅಂದ ಕೊಕ್ಕರೆ. "ನಿಮ್ಮ ತಾತಂದು ಅಂತ ಯಾರಿಗೂ ಗೊತ್ತಾಗಲ್ಲ ಬಿಡೆ."

"ತಾತನಿಗೆ ಗೊತ್ತಾಗತ್ತೆ," ಅಂದಳು ಚೂಟಿ.

ಮುಂದಿನ ಸೋಮವಾರ ಎಲ್ಲರ ಮನೆಯವರೂ ಸ್ಕೂಲಿಗೆ ಬಂದು ಸಿನಿಮಾ ನೋಡುವವರಿದ್ದರು. ತಾತ ಯಾವಾಗಲೂ ಮೊದಲ ಸಾಲಿನಲ್ಲೇ ಕೂರುವವರು. ಅವಳು ಅಷ್ಟನ್ನು ಯೋಚಿಸಿದಳು, ಆಮೇಲೆ ಲ್ಯಾಪ್‌ಟಾಪಿನಿಂದ ಸದ್ದನ್ನು ತೆಗೆಸಿದಳು. ಕೊಕ್ಕರೆ ಟೂ ಬಿಟ್ಟ.

ಸಂಜೆ ಅಮ್ಮನ ಫೋನು ಹಿಡಿದು ಸ್ಟೂಲಿನ ಮುಂದೆ ನಿಂತಳು.

"ತಾತ, ಅದು ಎಐ ಅಲ್ಲ. ನಾನೇ. ನೀವು ಮಲಗಿದ್ದಾಗ... ಅಲ್ಲ, ಕಣ್ಣಿಗೆ ರೆಸ್ಟ್ ಕೊಡ್ತಿದ್ದಾಗ." ಅವರ ಮುಂದೆಯೇ ಡಿಲೀಟ್ ಒತ್ತಿದಳು. "ಈಗ ಎಲ್ಲೂ ಇಲ್ಲ."

ತಾತ ಕನ್ನಡಕ ಏರಿಸಿ ಫೋನು ನೋಡಿದರು.

"ಹಾಗಾದ್ರೆ ನಿಮ್ಮ ಬೆಟ್ಟದ ಗತಿ?"

"ಮೂಕ."

"ಛೆ, ಅಷ್ಟು ದೊಡ್ಡ ಬೆಟ್ಟ!" ತಾತ ಗಲ್ಲ ಕೆರೆದುಕೊಂಡರು. "ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾನು ಕೊಡ್ತಿರ್ಲಿಲ್ವೇನೇ? ಶನಿವಾರ ಆ ಇಬ್ರನ್ನೂ ಕರ್ಕೊಂಡು ಬಾ."

ಶನಿವಾರ ಮಧ್ಯಾಹ್ನ ತಾತ ಆರಾಮ ಕುರ್ಚಿ ಬಿಡಿಸಿ ಒರಗಿದರು. ಮೂವರು ಸುತ್ತ ಚಾಪೆ ಹಾಸಿ ಕೂತರು. ಕೊಕ್ಕರೆಗೆ ಟೂ ಬಿಟ್ಟದ್ದು ಮರೆತೇಹೋಗಿತ್ತು. ಆರು ಕಣ್ಣು ತಾತನ ಮೂಗಿನ ಮೇಲೆ.

"ಹೀಗೆ ನೋಡ್ತಾ ಇದ್ರೆ ಗೊರಕೆ ಬರತ್ತೇನ್ರೋ?" ಅಂದರು ತಾತ.

ನಿದ್ದೆ ಬರಲಿಲ್ಲ. ಸುಮ್ಮನೆ ಗೊರಕೆ ಹೊಡೆದು ತೋರಿಸಿದರು. ಅದು ಪ್ರೆಷರ್ ಕುಕ್ಕರಿನ ಹಾಗಿತ್ತು. ಇನ್ನೊಂದು ಸಲ ಹೊಡೆದರೆ ಕೆಮ್ಮು ಬಂತು. "ವಾಚ್‌ಮನ್ ನಾನು. ಸುತ್ತ ಮೂರು ಜನ ಇದ್ರೆ ರೆಪ್ಪೆ ಮುಚ್ಚಲ್ಲ," ಎಂದರು.

ಫ್ಯಾನು ತಿರುಗುತ್ತಿತ್ತು. ಊಟ ಹೊಟ್ಟೆಯಲ್ಲಿ ಬೆಚ್ಚಗಿತ್ತು. ಸ್ವಲ್ಪ ಹೊತ್ತು ತಲೆ ಇಡೋಣವೆಂದು ಚೂಟಿ ಚಾಪೆಯ ಮೇಲೆ ಅಡ್ಡಾದಳು.

ಅವಳಿಗೆ ಎಚ್ಚರವಾದಾಗ ಮೈಮೇಲೆ ಹೊದಿಕೆ ಇತ್ತು. ಕೊಕ್ಕರೆ ಮತ್ತು ಡಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ಒದ್ದಾಡುತ್ತಿದ್ದರು. ಕೊಕ್ಕರೆಯ ಕೈಯಲ್ಲಿ ಚೂಟಿಯ ಅಮ್ಮನ ಫೋನಿತ್ತು. ಅದರೊಳಗಿಂದ 'ಕಿರ್ರ್... ಕಿರ್ರ್...' ಎಂದು ಸದ್ದು ಬರುತ್ತಿತ್ತು. ತುಕ್ಕು ಹಿಡಿದ ಸೈಕಲ್ಲನ್ನು ಯಾರೋ ತುಳಿಯುತ್ತಿದ್ದಂತೆ.

"ಏನದು?"

"ನೀನೇ!" ಡಬ್ಬಿ ಉರುಳಾಡಿದಳು. "ನಿಂಗೆ ಗೊರಕೆ ಬರತ್ತೆ!"

"ಸುಳ್ಳು! ಆಫ್ ಮಾಡೋ!" ಚೂಟಿಯ ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಕೊಕ್ಕರೆ ನಗುತ್ತಾ ಸದ್ದನ್ನು ಇನ್ನೂ ಜೋರು ಮಾಡಿದ.

ಅವಳು ತಾತನ ಕಡೆ ನೋಡಿದಳು. ತಾತ ನಗುತ್ತಿರಲಿಲ್ಲ.

ಅವರು ಕೈ ಚಾಚಿ ಕೊಕ್ಕರೆಯಿಂದ ಫೋನು ತೆಗೆದುಕೊಂಡರು, ಸದ್ದು ನಿಲ್ಲಿಸಿ ಚೂಟಿಯ ಕೈಗಿಟ್ಟರು. "ನಿಂದು ಇದು. ಇಟ್ಕೊಳ್ಳೋದು ಅಳಿಸೋದು ನಿಂಗೆ ಬಿಟ್ಟಿದ್ದು," ಅಂದರು.

ಚೂಟಿ ಫೋನು ಹಿಡಿದು ನಿಂತಳು. "ತಾತ, ಆವತ್ತು ನಾನೂ..." ಎಂದಳು.

"ಹೂಂ," ಅಂದರು ತಾತ. ಅವಳ ತಲೆ ಸವರಿದರು. ಆಮೇಲೆ ದೊಡ್ಡದಾಗಿ ಆಕಳಿಸಿ ಕುರ್ಚಿಗೆ ಒರಗಿದರು. "ನಿಮ್ಮನ್ನ ಕಾದೂ ಕಾದೂ ಸಾಕಾಯ್ತು. ಈಗ ಒತ್ತಿಕೋ ನಿನ್ನ ರೆಕಾರ್ಡು. ನಾನೇ ಹೇಳ್ತಿದೀನಿ."

ಚೂಟಿ ರೆಕಾರ್ಡ್ ಒತ್ತಿ ಫೋನನ್ನು ಕುರ್ಚಿಯ ಕೈ ಮೇಲೆ ಇಟ್ಟಳು. ವಾರದ ನಿದ್ದೆಯೆಲ್ಲ ಬಾಕಿ ಇತ್ತಲ್ಲ, ಎರಡೇ ನಿಮಿಷದಲ್ಲಿ ಬೆಟ್ಟ ಶುರುವಾಯಿತು. ಸದ್ದು ಏರಿತು, ಏರಿತು, ಮೇಲೆ ಹೋಗಿ ನಿಂತಿತು. ಡಬ್ಬಿಯ ಕೆನ್ನೆ ಉಬ್ಬಿತು, ಇನ್ನೇನು ನಗು ಒಡೆಯಬೇಕು. ಚೂಟಿ ಒಂದು ಕೈಯಲ್ಲಿ ಅವಳ ಕೈಯನ್ನೂ ಇನ್ನೊಂದರಲ್ಲಿ ಕೊಕ್ಕರೆಯ ಶರಟನ್ನೂ ಹಿಡಿದಳು. ಇಬ್ಬರನ್ನೂ ತುದಿಗಾಲಲ್ಲಿ ಹೊರಗೆ ನಡೆಸಿ, ಹಿಂದೆ ಬಾಗಿಲು ಮುಚ್ಚಿದಳು. ಅದು ಹಳೆಯ ಬಾಗಿಲು. ಎಷ್ಟು ಮೆಲ್ಲಗೆ ಮುಚ್ಚಿದರೂ ಒಂದು ಸಣ್ಣ ಸದ್ದು ಮಾಡಿತು.

ಸಂಜೆ ಕೊಕ್ಕರೆ ಲ್ಯಾಪ್‌ಟಾಪ್ ಮುಂದೆ ಕೂತು ಗೊರಕೆ ಜೋಡಿಸಿದ. ಒಂದು ಕಡೆ ನಿಲ್ಲಿಸಿ ಕಿವಿಗೊಟ್ಟ.

"ಇಲ್ಲಿ ಬಾಗಿಲು ಹಾಕಿದ ಸದ್ದು ಬಂದಿದೆ. ಕಟ್ ಮಾಡ್ಲಾ? ಬೆಟ್ಟಕ್ಕೆ ಎಲ್ಲಾದ್ರೂ ಬಾಗಿಲು ಇರತ್ತಾ?"

ಚೂಟಿ ಇನ್ನೊಮ್ಮೆ ಹಾಕಿಸಿ ಕೇಳಿದಳು. ಗೊರಕೆಯ ನಡುವೆ, ಮೆಲ್ಲಗೆ, ಯಾರಿಗೂ ಎಚ್ಚರವಾಗದ ಹಾಗೆ, ಬಾಗಿಲು ಮುಚ್ಚಿಕೊಂಡಿತು.

"ಇರ್ಲಿ ಬಿಡು," ಅಂದಳು. "ಈ ಬೆಟ್ಟಕ್ಕೆ ಇದೆ."