ಸುಮ್ಮನಾದ ಪಿಯಾನೋ

"ಕೈ ತೆಗೀರಿ! ಯಾರು ನಿಮ್ಮನ್ನ ಕರೆದಿದ್ದು?"

ರಿಪೇರಿಗೆಂದು ಪಿಯಾನೋದಡಿ ಬಗ್ಗಿದ್ದ ಅವಳು ಬೆನ್ನ ಹಿಂದಿನ ಗದರಿಕೆಗೆ ಬೆಚ್ಚಿ ತಲೆ ಎತ್ತಿದಳು. ಎತ್ತಿದ ರಭಸಕ್ಕೆ ನೆತ್ತಿ ಪಿಯಾನೋದ ತಳಕ್ಕೆ ಬಡಿದು ಕಣ್ಣಲ್ಲಿ ನೀರೇ ಬಂತು.

ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಮುಖದಲ್ಲಿ ಸಿಟ್ಟು... ಆದರೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ ಅಂತ ಅವಳಿಗೆ ಯಾಕೋ ಅನಿಸಿತು.

"ನಾನೇ ಕರೆಸಿದ್ದು, ಅಳಿಯಂದ್ರೇ," ಎಂದರು ಕುರ್ಚಿಯಲ್ಲಿ ಕೂತಿದ್ದ ಅಜ್ಜಿ. "ನನ್ನ ಮಗಳ ಕೈ ಇದರೊಳಗೆ ಸುಮ್ಮನಾಗಿಬಿಟ್ಟಿದೆ. ನಾನು ಹೇಗೆ ಸುಮ್ಮನಿರಲಿ?"

ಅದು ತಾನಾಗಿಯೇ ನುಡಿಯುವ ಪಿಯಾನೋ. ಒಮ್ಮೆ ಯಾರಾದರೂ ನುಡಿಸಿದರೆ ಸಾಕು, ಯಾವ ಕೀಯನ್ನು ಎಷ್ಟು ಒತ್ತಿದರು ಎನ್ನುವುದನ್ನು ನೆನಪಿಟ್ಟುಕೊಂಡು, ಬೇಕೆಂದಾಗ ಹಾಗೆಯೇ ಒತ್ತುತ್ತದೆ.

ಅಜ್ಜಿಯ ಮಗಳು ಕಾಯಿಲೆ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಹೋಗುವ ಮೊದಲು ಅಮ್ಮನಿಗೆಂದು ಒಂದೇ ಒಂದು ಹಾಡು ನುಡಿಸಿಟ್ಟಿದ್ದಳು. ಸಂಜೆಯಾದರೆ ಅಜ್ಜಿ ಗುಂಡಿ ಒತ್ತಿ, ತಾವಾಗಿ ಇಳಿದು ಏಳುವ ಕೀಗಳ ಮೇಲೆ ಹಗುರವಾಗಿ ಬೆರಳಿಟ್ಟು ಕೂರುತ್ತಿದ್ದರು. ಈಗ ಪಿಯಾನೋಗೆ ಕರೆಂಟ್ ಕೊಡುವ ಪವರ್ ಸಪ್ಲೈ ಸುಟ್ಟುಹೋಗಿತ್ತು.

"ಹಳೇ ಸಾಮಾನು, ಬಿಟ್ಬಿಡಿ," ಅಂದ ಅವನು, ದನಿ ತಗ್ಗಿಸಿ.

ಹೆಂಡತಿ ನುಡಿಸಿದ ಹಾಡು ಹಳೇ ಸಾಮಾನಾ? ಎಂಥ ಕಲ್ಲು ಮನುಷ್ಯ! ಮನಸ್ಸಲ್ಲೇ ಬೈದುಕೊಂಡು, ಪವರ್ ಸಪ್ಲೈ ಪೆಟ್ಟಿಗೆ ಬಿಚ್ಚಿ ಬಗಲಲ್ಲಿಟ್ಟುಕೊಂಡು ಅವಳು ಹೊರಟೇಬಿಟ್ಟಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ರಿಪೇರಿ ಅಕ್ಕ ಅಂತ. ಅಪ್ಪ ಬಿಟ್ಟುಹೋದ ಅಂಗಡಿ, ಅಪ್ಪ ಕಲಿಸಿಹೋದ ಕೆಲಸ. ಮದುವೆಯ ಮಾತು ಎರಡು ಸಲ ಬಂದು ಮುರಿದುಬಿದ್ದಿತ್ತು. ಆಮೇಲೆ ಆ ಮಾತನ್ನು ಅವಳು ಎತ್ತಿರಲಿಲ್ಲ, ಎತ್ತಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ಸಂಜೆ ಅವನೇ ಅಂಗಡಿಗೆ ಬಂದ.

"ಆಯ್ತಾ?"

"ಇಲ್ಲ."

"ಆಗದೇ ಇದ್ರೂ... ಪರವಾಗಿಲ್ಲ."

ಅದರ ಮರುದಿನವೂ ಬಂದ. ಮತ್ತೆ ಬಂದ. ಬಾಗಿಲಲ್ಲೇ ನಿಲ್ಲುತ್ತಿದ್ದವನು ಒಂದು ದಿನ ಸ್ಟೂಲ್ ಎಳೆದುಕೊಂಡು ಕೂತ. ಅವಳು ಉಬ್ಬಿದ ಕೆಪಾಸಿಟರ್‌ಗಳನ್ನು ಕಿತ್ತು ಹೊಸದನ್ನು ಬೆಸೆಯುವಾಗ ಟಾರ್ಚ್ ಹಿಡಿದ.

"ಬೆಳಕು ನನ್ನ ಮುಖಕ್ಕಲ್ಲ ಸ್ವಾಮೀ, ಬೋರ್ಡಿಗೆ!"

ಅವನು ಕಿವಿಯವರೆಗೂ ಕೆಂಪಾದ. ಆಮೇಲೆ ನಕ್ಕ. ನಗುವುದು ಹೇಗೆಂದು ಮರೆತವನ ನಗು ಅದು. ಅವಳ ಎದೆ ಡವಡವ ಹೊಡೆದುಕೊಂಡಿತು. ಅಯ್ಯೋ... ಇದೇನಿದು ನನಗೆ!

ಈ ಪೆಟ್ಟಿಗೆ ಸರಿಯಾದರೆ ಅವನ ಹೆಂಡತಿ ದಿನಾ ಸಂಜೆ ಆ ಕೋಣೆಗೆ ವಾಪಸ್ ಬರುತ್ತಾಳೆ. ಅವನು ಮತ್ತೆ ಇಲ್ಲಿಗೆ ಬರುವುದಿಲ್ಲ. ಸರಿಯಾಗದಿದ್ದರೆ ಅಜ್ಜಿ ಮಗಳನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಾರೆ.

ಫ್ಯೂಸ್ ಹಾಕುವುದೊಂದೇ ಬಾಕಿ ಇತ್ತು. ಅದನ್ನು ಅವಳು ಬೇಕೆಂದೇ ಒಂದು ದಿನ ಮುಂದೂಡಿದಳು. ನಿದ್ದೆ ಹತ್ತಲಿಲ್ಲ. 'ಒಬ್ಬ ತಾಯಿಯ ಸಂಜೆ ಕದ್ದು ನಾನು ಸುಖವಾಗಿರ್ತೀನಾ?' ಬೆಳಗಾಗುತ್ತಲೇ ಫ್ಯೂಸ್ ಹಾಕಿ ಪೆಟ್ಟಿಗೆ ಎತ್ತಿಕೊಂಡು ಆ ಮನೆಗೆ ಹೋದಳು.

ಜೋಡಿಸುವ ಮೊದಲು ಮೀಟರ್ ಹಿಡಿದು ಪಿಯಾನೋದೊಳಗಿನ ವೈರುಗಳನ್ನು ಪರೀಕ್ಷಿಸಿದಳು. ಮೀಟರ್ ಕಿರುಚಿತು. ಎಡಬದಿಯ ಕೀಗಳಿಗೆ ಕರೆಂಟ್ ಒಯ್ಯುವ ದಪ್ಪ ವೈರು ತುಂಡಾಗಿ, ಅದರ ತುದಿ ಕಬ್ಬಿಣದ ಚೌಕಟ್ಟಿಗೆ ತಾಗಿಕೊಂಡಿತ್ತು. ಸಪ್ಲೈ ಸುಟ್ಟದ್ದು ಅದರಿಂದಲೇ. ವೈರು ಸವೆದು ತುಂಡಾಗಿರಲಿಲ್ಲ. ಯಾರೋ ಕತ್ತರಿಸಿದ್ದರು!

ಅವಳು ಹಿಂದೆ ನಿಂತು ನೋಡುತ್ತಿದ್ದ ಅವನತ್ತ ತಿರುಗಿದಳು. "ನೀವೇನಾ?"

ಅವನು ತಲೆ ತಗ್ಗಿಸಿದ.

"ದಿನಾ ಬಂದು ಆಯ್ತಾ ಆಯ್ತಾ ಅಂದಿದ್ದು ಇದಕ್ಕೇನಾ? ಎಲ್ಲಿ ಸಿಕ್ಕಿಬೀಳ್ತೀನೋ ಅಂತನಾ? ನಾನೊಬ್ಬಳು ಪೆದ್ದಿ, ಏನೇನೋ ಅಂದ್ಕೊಂಡೆ... ಸತ್ತವಳ ಕೈಯನ್ನೂ ಬಿಡ್ಲಿಲ್ಲವಲ್ರೀ ನೀವು!"

"ಅದು ಅವಳ ಕೈ ಅಲ್ಲ," ಅಂದ ಅವನು. "ನನ್ನದು."

ಅವಳಿಗೆ ಅರ್ಥವಾಗಲಿಲ್ಲ.

"ಕೊನೆಕೊನೆಗೆ ಅವಳ ಎಡಗೈ ಸ್ವಾಧೀನ ತಪ್ಪಿತ್ತು. ಅಮ್ಮಂಗೆ ಗೊತ್ತಾಗೋದು ಬೇಡ ಅಂದಳು. ಎಡಗೈ ಭಾಗ ನನಗೆ ಕಲಿಸಿದಳು. ಪಕ್ಕದಲ್ಲಿ ಕೂತು ನಾನು ನುಡಿಸಿದೆ. ಅತ್ತೆ ಅದನ್ನೂ ಮಗಳದ್ದು ಅಂತ ಮುಟ್ಟಿ ಮುಟ್ಟಿ ಅಳ್ತಾರೆ... ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ. ಒಂದ್ಸಲ ಬರೀ ಅವಳನ್ನ ಕೇಳ್ಬೇಕು ಅನ್ನಿಸ್ತು. ನನ್ನ ಭಾಗದ ವೈರ್ ಕತ್ತರಿಸಿ ಸ್ವಿಚ್ ಹಾಕಿದೆ. ಸಪ್ಲೈಯೇ ಸುಟ್ಟು ಅವಳೂ ಹೋದಳು."

"ಮತ್ತೆ ಅಂಗಡಿಗೆ ಬರ್ತಿದ್ದದ್ದು?"

"ಮೊದಲ ದಿನ ಇದನ್ನ ಹೇಳೋಕೇ ಬಂದೆ. ಧೈರ್ಯ ಸಾಲಲಿಲ್ಲ. ಆಮೇಲೆ..."

"ಅಳಿಯಂದ್ರೇ."

ಒಳಕೋಣೆಯ ಬಾಗಿಲಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಿದ್ದರು.

"ಹೆತ್ತವಳು ನಾನು. ಮಗಳ ಕೈ ಯಾವುದು ಅಂತ ನನಗೆ ಗೊತ್ತಾಗಲ್ವೇನ್ರೀ? ಅವಳು ತಾಳ ತಪ್ಪಿದವಳೇ ಅಲ್ಲ. ಆ ಎಡಗೈ ಎಲ್ಲಾ ಕಡೆ ಒಂಚೂರು ತಡ. ಅದು ಬರೋತನಕ ನನ್ನ ಮಗಳು ಕಾಯ್ತಾಳೆ... ಪ್ರತಿ ಸಲ ಕಾಯ್ತಾಳೆ. ಅದನ್ನ ಕೇಳೋಕೇ ನಾನು ಕೂರ್ತಿದ್ದದ್ದು. ಅಷ್ಟು ಕಷ್ಟದಲ್ಲೂ ಅವಳು ಒಬ್ಬಳೇ ಇರ್ಲಿಲ್ಲ ಅಂತ."

ಅವನು ನೆಲದ ಮೇಲೆ ಕುಸಿದು ಕೂತ. ಎರಡು ವರ್ಷದಿಂದ ತಡೆದಿಟ್ಟುಕೊಂಡ ಅಳು ಒಮ್ಮೆಲೇ ಹೊರಬಂತು. ಅಜ್ಜಿ ಅವನ ತಲೆ ಸವರುತ್ತಾ ನಿಂತರು.

ಅವಳು ಕಣ್ಣೊರೆಸಿಕೊಂಡು ವೈರು ಬೆಸೆದಳು. ಪೆಟ್ಟಿಗೆ ಜೋಡಿಸಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದಳು.

ಪಿಯಾನೋ ನುಡಿಯಿತು! ಎಡಗಡೆ ತಡವರಿಸಿದಾಗಲೆಲ್ಲ ಬಲಗಡೆ ಅರೆಗಳಿಗೆ ನಿಂತು, ಜೊತೆಗೂಡಿ ಮುಂದೆ ಹೋಗುತ್ತಿತ್ತು. ಅಜ್ಜಿ ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

ಈ ಹಾಡಿನಲ್ಲಿ ಮೂರನೆಯವಳಿಗೆ ಜಾಗವಿಲ್ಲ ಅನಿಸಿತು ಅವಳಿಗೆ. ಹೊಟ್ಟೆಕಿಚ್ಚಲ್ಲ, ಬರೀ ಸಂಕಟ. ಸದ್ದಿಲ್ಲದೆ ಸಾಮಾನಿನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

"ಹೇಳದೇ ಹೊರಟ್ರಾ?" ಅವನು ಹಿಂದೆಯೇ ಓಡಿ ಬಂದಿದ್ದ.

"ಕೆಲಸ ಮುಗೀತಲ್ಲ."

"ನನ್ನ ಮಾತು ಮುಗಿದಿಲ್ಲ." ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು. "ಮೊದಲ ದಿನ ಆದ್ಮೇಲೆ... ನಾನು ಬರ್ತಿದ್ದದ್ದು ನಿಮ್ಮನ್ನ ನೋಡೋಕೆ. ಅವಳನ್ನ ಮರೆತು ಅಲ್ಲ. ಮರೆಯೋಕೆ ನನ್ನಿಂದ ಆಗಲ್ಲ. ಇಂಥವನು ನಿಮಗೆ..."

"ಮರೀರಿ ಅಂತ ಯಾರಂದ್ರು?" ಅಂದಳು ಅವಳು. "ನೀವು ಇನ್ನೊಂದು ಸಂಜೆ ಬರ್ಲಿ ಅಂತ ನಾನು ಒಂದು ದಿನ ಫ್ಯೂಸೇ ಹಾಕ್ಲಿಲ್ಲ. ಗೊತ್ತಾ ನಿಮಗೆ?"

ಒಳಗೆ ಹಾಡು ಮುಗಿದಿತ್ತು. ಅಜ್ಜಿ ಮತ್ತೆ ಗುಂಡಿ ಒತ್ತಿದರು.

"ನಾಳೆ ಬರಲಾ?" ಅಂದ ಅವನು. "ಕೇಳೋಕೆ ರಿಪೇರಿ ನೆಪ ಏನೂ ಇಲ್ಲ."

"ಬನ್ನಿ." ಅವಳು ಹೇಳಿದಳು, "ಸಂಜೆ ಬೇಡ. ಸಂಜೆ ಅಜ್ಜಿ ಜೊತೆ ಕೂತು ಅವರ ಮಗಳನ್ನ ಕೇಳಿ. ಮಧ್ಯಾಹ್ನ ಬನ್ನಿ, ಊಟಕ್ಕೆ. ದಿನಾ ಒಬ್ಬಳೇ ತಿಂದು ಸಾಕಾಗಿದೆ ನನಗೆ."

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ. ಸುಟ್ಟ ಕಲೆಗಳಿದ್ದ ಆ ಬೆರಳುಗಳನ್ನು ಬಿಡಲಿಲ್ಲ.

"ಬರ್ತೀನಿ," ಅಂದ.