ಹಾರಿಸಿದ ಸಾಲು

ಲಿಫ್ಟ್ ಒಂದು ಸಲ ಜಗ್ಗಿತು, ಕಿರುಗುಟ್ಟಿತು, ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಆರಿತು.

ಒಳಗೆ ಅವಳೊಬ್ಬಳೇ.

ಗಂಟೆ ಒತ್ತಿದಳು. ಬಾಗಿಲು ಬಡಿದಳು. ಸಂಜೆಯಾಗಿತ್ತು, ಅಂಗಡಿಗಳವರೆಲ್ಲ ಷಟರ್ ಎಳೆದು ಹೋಗಿದ್ದರು. ಅವಳು ಮೇಲಿನ ಮಹಡಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಎಲ್ಲರಿಗಿಂತ ಕೊನೆಗೆ ಹೊರಡುವುದು ಅವಳ ಅಭ್ಯಾಸ. ಬೇಗ ಹೋಗಿ ಮಾಡುವುದಾದರೂ ಏನು? ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ.

ಕತ್ತಲಲ್ಲಿ ತನಗೇ ಗೊತ್ತಿಲ್ಲದೆ ಬಾಯಿ ತೆರೆಯಿತು. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯನ್ನು ಜೋರಾಗಿ ಹೇಳತೊಡಗಿದಳು. ಒಂದು ಕಡೆ ತಡೆದಳು, ಒಂದು ಸಾಲು ಬಿಟ್ಟಳು, ಮುಂದಕ್ಕೆ ಹೋದಳು.

"ನಿಲ್ಲಿಸಬೇಡಿ ಮೇಡಂ..." ಮೇಲಿನಿಂದ ಒಂದು ಗಂಡು ದನಿ. "ನಿಮ್ಮ ದನಿ ಹಿಡ್ಕೊಂಡೇ ಬಂದೆ. ಲಿಫ್ಟ್ ರಿಪೇರಿಯವನು."

ಅವಳಿಗೆ ಅಳು ಬಂದುಬಿಟ್ಟಿತು.

"ಹಗ್ಗ ಕಡಿಯುತ್ತಾ?"

"ಕಡಿಯಲ್ಲ. ಮೊನ್ನೆ ತಾನೇ ಮರಳಿನ ಮೂಟೆ ತುಂಬಿ ಎಳೆಸಿ ನೋಡಿದೀನಿ. ನೀವು ಎಷ್ಟು ಮೂಟೆ ತೂಗ್ತೀರಾ?"

"ಇದು ತಮಾಷೆ ಮಾಡೋ ಹೊತ್ತಾ?"

"ಸಿಟ್ಟು ಬಂತಲ್ಲ, ಸರಿ. ಸಿಟ್ಟು ಬಂದವರಿಗೆ ತಲೆ ಸುತ್ತಲ್ಲ." ಅವನು ಬಾಗಿಲಿಗೆ ಬಾಯಿಟ್ಟು ಮಾತಾಡುತ್ತಿದ್ದ. "ಈಗ ಕೇಳಿ. ನಾನು ಮೇಲೆ ಮೋಟಾರ್ ರೂಮಿಗೆ ಹೋಗ್ತೀನಿ. ಬ್ರೇಕ್ ಬಿಟ್ಟು ಕೈಯಲ್ಲೇ ಇಳಿಸಬೇಕು. ಅಷ್ಟು ಹೊತ್ತು ನನ್ನ ದನಿ ಕೇಳಲ್ಲ. ದನಿ ಕೇಳಲಿಲ್ಲ ಅಂತ ಹೆದರಬೇಡಿ. ಕೆಲಸ ನಡೀತಿರುತ್ತೆ."

ಹೆಜ್ಜೆ ಸಪ್ಪಳ ದೂರವಾಯಿತು. ಆಮೇಲೆ ಏನೂ ಇಲ್ಲ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. 'ಹೋಗಿಬಿಟ್ಟ... ಎಲ್ಲರ ಹಾಗೆ ಇವನೂ ಹೋದ...'

ಅಷ್ಟರಲ್ಲಿ ಕಾಲಡಿಯ ನೆಲ ಮೆಲ್ಲಗೆ ಜಾರಿತು. ಇಳಿಯಿತು. ಇನ್ನಷ್ಟು ಇಳಿಯಿತು. ಬಾಗಿಲು ತೆರೆದಾಗ ಅವನು ಏದುಸಿರು ಬಿಡುತ್ತಾ ನಿಂತಿದ್ದ. ಮೊಣಕೈವರೆಗೆ ಕಪ್ಪು ಗ್ರೀಸು.

"ಒಂದು ಮಾತು ಕೇಳಲಾ?" ಎಂದ. "ನಾನು ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು. ಆ ಪ್ರಾರ್ಥನೆ ನಂಗೂ ಬಾಯಿಗೆ ಬರುತ್ತೆ. ನೀವು ಮಧ್ಯದಲ್ಲಿ ಒಂದು ಸಾಲು ಹಾರಿಸಿದ್ರಿ."

ಅವಳ ಮುಖ ಬಿಳಿಚಿತು. ಇಷ್ಟು ವರ್ಷ ಯಾರೂ ಕಂಡುಹಿಡಿಯದ್ದನ್ನು ಈ ಗ್ರೀಸು ಕೈಯವನು ಹಿಡಿದುಬಿಟ್ಟಿದ್ದ.

"ಗಾಬರಿಯಲ್ಲಿ ಮರೆತೆ" ಎಂದಳು. ಥ್ಯಾಂಕ್ಸ್ ಕೂಡ ಹೇಳದೆ ಹೊರಟಳು.

ಮರೆತಿರಲಿಲ್ಲ.

ಅವಳಿಗೊಬ್ಬ ತಮ್ಮನಿದ್ದ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದೇ ಅವಳು. ಅವನಿಗೆ ಕಾಯಿಲೆಯಾದಾಗ ಚರ್ಚಿನ ಸಭೆಯವರೆಲ್ಲ ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಅವಳು ಆಸ್ಪತ್ರೆಯ ವರಾಂಡದಲ್ಲಿ ಮೊಣಕಾಲೂರಿದಳು. ತಮ್ಮ ಉಳಿಯಲಿಲ್ಲ. ಹೂಳಿ ಬಂದ ದಿನ ಯಾರೋ ಹೆಗಲು ತಟ್ಟಿ ಹೇಳಿದರು, "ದೇವರ ಇಷ್ಟ ಅಮ್ಮ, ಒಪ್ಕೋಬೇಕು."

ಆ ಹೊತ್ತಿಗೆ ಅವಳ ಎದೆಯಲ್ಲಿ ಏನೋ ಮುಚ್ಚಿಕೊಂಡಿತು. ಅಂದಿನಿಂದ, ದೇವರ ಇಷ್ಟದಂತೆಯೇ ಆಗಲಿ ಎನ್ನುವ ಸಾಲು ಬಂದಾಗ ಅವಳ ತುಟಿ ಬಿಗಿಯಾಗುತ್ತಿತ್ತು. ಭಾನುವಾರ ಎಲ್ಲರೂ ಒಟ್ಟಿಗೆ ಹೇಳುವಾಗ ಒಬ್ಬಳ ದನಿ ತಪ್ಪಿದರೆ ಯಾರಿಗೆ ತಿಳಿಯಬೇಕು?

ಆದರೂ ಸಭೆಯವರ ಬಾಯಲ್ಲಿ ಅವಳು 'ಟೀಚರಮ್ಮ'. ನೀರಿನಲ್ಲಿ ಮುಳುಗಿ ಸಭೆ ಸೇರುವ ದೀಕ್ಷಾಸ್ನಾನ ಕೇಳಿ ಬರುವವರಿಗೆ ವಿಶ್ವಾಸದ ಪಾಠ ಹೇಳುತ್ತಿದ್ದವಳು ಅವಳೇ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ವಾಕ್ಯ, ಎಲ್ಲ ನಾಲಿಗೆಯ ತುದಿಯಲ್ಲಿ. ಪಾಠ ಮುಗಿಸಿ ಕೋಣೆಗೆ ಬಂದರೆ ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಇನ್ನೊಂದು ಕುರ್ಚಿ ಇತ್ತು, ತಮ್ಮನದು. ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಿದ್ದಳು, ಖಾಲಿ ಕಾಣದಿರಲಿ ಎಂದು.

ಕೆಲವು ದಿನ ಬಿಟ್ಟು ಲಿಫ್ಟಿನವನು ಕನ್ನಡಕದ ಅಂಗಡಿಗೆ ಬಂದ. ಅವಳು ಅವನ ಒಂದು ಕಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದಳು. ಪಟಪಟನೆ ಓದಿದ, ಕೊನೆಯ ಸಾಲಿನವರೆಗೆ. ಅವಳು ಎದ್ದು ಹಲಗೆ ತಿರುಗಿಸಿ, ಹಿಂಬದಿಯ ಬೇರೆ ಅಕ್ಷರಗಳನ್ನು ಮುಂದಿಟ್ಟಳು.

"ಈಗ ಓದಿ."

ಅವನು ತಡವರಿಸಿದ.

"ಹೊರಗೆ ಕೂತಾಗ ಬಾಯಿಪಾಠ ಮಾಡ್ಕೊಂಡ್ರಿ ಅಲ್ವಾ? ಬಾಯಿಪಾಠ ಒಪ್ಪಿಸಿದ್ರೆ ಕಣ್ಣು ಸರಿಹೋಗುತ್ತೇನ್ರೀ?"

"ಫೇಲ್ ಆಗ್ತೀನೇನೋ ಅಂತ ಭಯ ಆಯ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಆ ಭಾನುವಾರ ಅವನು ಹೊಸ ಕನ್ನಡಕ ಹಾಕಿಕೊಂಡು ಅವಳ ಸಭೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಕೆಲವು ವಾರ ಕಳೆದು, ಹಾಸ್ಟೆಲಿನಲ್ಲಿ ಆಗದೆ ಉಳಿದಿದ್ದ ದೀಕ್ಷಾಸ್ನಾನವನ್ನು ಸಭೆಯ ಪಾದ್ರಿ ಅಯ್ಯನವರ ಬಳಿ ಕೇಳಿದ. ಅಯ್ಯನವರು ಅವನನ್ನು ಟೀಚರಮ್ಮನ ಪಾಠಕ್ಕೆ ಕಳಿಸಿದರು.

ಪಾಠ ಸಭೆಯ ಪಕ್ಕದ ಕೋಣೆಯಲ್ಲಿ. ವಿದ್ಯಾರ್ಥಿ ಅವನೊಬ್ಬನೇ. ಕಾವಲಿಗೆ ಬಾಗಿಲ ಬಳಿ ಅವಳ ಚಿಕ್ಕಮ್ಮ, ಸ್ವೆಟರ್ ಹೆಣೆಯುತ್ತಾ. ಚಿಕ್ಕಮ್ಮನಿಗೂ ಯಾರೂ ಇಲ್ಲ. ಊರೆಲ್ಲರ ಜೊತೆ ಮಾತು ಬಿಟ್ಟವಳು, ಇವಳೊಬ್ಬಳ ಜೊತೆ ಮಾತ್ರ ಜಗಳವಾಡುತ್ತಿದ್ದಳು.

"ಗ್ರೀಸ್ ಕೈಯಲ್ಲಿ ಸತ್ಯವೇದ ಮುಟ್ಟಬೇಡಪ್ಪಾ" ಎನ್ನುವಳು.

"ತೊಳ್ಕೊಂಡೇ ಬಂದಿದೀನಿ ಚಿಕ್ಕಮ್ಮ. ಮೂಸಿ ನೋಡ್ತೀರಾ?"

"ನಿನಗೆ ನಾನು ಯಾವ ಕಡೆಯಿಂದ ಚಿಕ್ಕಮ್ಮನೋ?"

ಅವನು ಪ್ರಶ್ನೆ ಕೇಳುತ್ತಿದ್ದ. ಎಂಥಾ ಪ್ರಶ್ನೆ! ದೇವರು ಒಳ್ಳೆಯವನೆಂದು ನಿಮಗೆ ಹೇಗೆ ಗೊತ್ತು? ಕೇಳಿದ್ದು ಕೊಡದಿದ್ದರೂ ಒಳ್ಳೆಯವನಾ? ಅವಳು ಪಾಠದ ಉತ್ತರ ಹೇಳುವಳು. ಅವನು ತಲೆ ಕೆರೆದುಕೊಳ್ಳುವನು.

ಒಂದು ದಿನ ಕೇಳಿಯೇಬಿಟ್ಟ. "ಟೀಚರ್, ಬೇಜಾರಾಗಬೇಡಿ. ಇದು ನಿಮಗೆ ಕಾಣಿಸ್ತಿದೆಯಾ, ಇಲ್ಲ ನನ್ನ ಹಾಗೆ ಬಾಯಿಪಾಠ ಒಪ್ಪಿಸ್ತಿದೀರಾ?"

ಹೆಣೆಯುವ ಕಡ್ಡಿಗಳ ಸದ್ದು ನಿಂತಿತು.

"ಪಾಠ ಕಲಿಯೋಕೆ ಬಂದಿದೀರೋ, ನನ್ನ ಪರೀಕ್ಷೆ ಮಾಡೋಕೋ?" ಅವಳು ಪುಸ್ತಕ ಮುಚ್ಚಿದಳು. "ಇವತ್ತಿಗೆ ಸಾಕು, ಹೊರಡಿ."

ಹೋದ. ಆದರೆ ಪ್ರಶ್ನೆ ಅವಳ ಜೊತೆ ಕೋಣೆಗೆ ಬಂತು, ಇಸ್ತ್ರಿ ಬಟ್ಟೆಗಳನ್ನು ಸರಿಸಿ ತಮ್ಮನ ಕುರ್ಚಿಯ ಮೇಲೆ ಕೂತುಕೊಂಡಿತು.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ದೀಕ್ಷಾಸ್ನಾನಕ್ಕೆ ಮೊದಲು ಪಾಠ ಹೇಳಿದವರು ಹಿರಿಯರ ಮುಂದೆ ನಿಂತು, 'ಇವರ ವಿಶ್ವಾಸವನ್ನು ಪರೀಕ್ಷಿಸಿದ್ದೇನೆ, ಅದು ನಿಜವಾದದ್ದು' ಎಂದು ಸಾಕ್ಷಿ ಹೇಳಬೇಕು. ಆ ಮಾತು ಬರದಿದ್ದರೆ ನೀರಿಗಿಳಿಸುವುದಿಲ್ಲ.

ಸಾಕ್ಷಿಯ ದಿನ ಬೆಳಗ್ಗೆ ಚಿಕ್ಕಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ನಿನ್ನ ಲಿಫ್ಟಿನವನು ನಿನ್ನೆ ನಮ್ಮನೆಗೆ ಬಂದಿದ್ದ. ನಿನ್ನ ಮದುವೆಗೆ ಯಾರನ್ನ ಕೇಳಬೇಕು ಅಂದ. ಈಗ ಗೊತ್ತಾಯ್ತಾ, ಅವನು ನೀರಿಗೆ ಇಳೀತಿರೋದು ಯಾರಿಗೋಸ್ಕರ ಅಂತ?"

ಅವಳ ಎದೆ ಒಂದು ಕ್ಷಣ ಹಾರಿತು... ಮರುಕ್ಷಣವೇ ಕುಸಿಯಿತು. 'ಹಾಗಾದ್ರೆ ಆ ಪ್ರಶ್ನೆಗಳೆಲ್ಲ ನಾಟಕನಾ? ನನಗೋಸ್ಕರ ದೇವರನ್ನ ಏಣಿ ಮಾಡ್ಕೊಂಡನಾ?'

ಸಂಜೆ ಹಿರಿಯರು ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಹಿರಿಯರಾದವರು, ಬೇರೆಯವರ ಮನೆಯ ವಿಷಯ ಎಂದರೆ ಕಿವಿ ನಿಮಿರಿಸುವ ಮನುಷ್ಯ, ಗಂಟಲು ಸರಿಮಾಡಿಕೊಂಡರು.

"ಟೀಚರಮ್ಮ, ಸುತ್ತಿ ಬಳಸಿ ಯಾಕೆ ಕೇಳಲಿ. ಈತ ಯೇಸುವಿಗಾಗಿ ಬರ್ತಿದ್ದಾನಾ, ನಿಮಗಾಗಿ ಬರ್ತಿದ್ದಾನಾ?"

ಅವನು ಅವಳನ್ನೇ ನೋಡುತ್ತಿದ್ದ. ಅವಳು ನೆಲ ನೋಡಿದಳು.

"ನನಗೆ ಗೊತ್ತಿಲ್ಲ."

ಅಷ್ಟೇ ಸಾಕಾಯಿತು. ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ಹೊರಗೆ ಮೆಟ್ಟಿಲ ಬಳಿ ಅವನು ಕಾದಿದ್ದ. ಬೈಯಲಿಲ್ಲ.

"ನೀವು ಹೇಳಿದ್ದು ಸುಳ್ಳಲ್ಲ" ಎಂದ. "ನನಗೂ ಗೊತ್ತಿಲ್ಲ. ತಿಳ್ಕೊಂಡು ಬರ್ತೀನಿ."

ಆಮೇಲೆ ಅವನು ಕಾಣಲಿಲ್ಲ. ಲಿಫ್ಟ್ ನೋಡಲು ಬೇರೆ ಯಾರೋ ಬಂದರು. ಅವಳು ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಭಾನುವಾರ ಹಿಂದಿನ ಬೆಂಚು ಖಾಲಿ. ಅಂಗಡಿಯಲ್ಲಿ ಯಾರದೋ ಕಣ್ಣಿನ ಮುಂದೆ ಗಾಜು ಬದಲಿಸುತ್ತಾ "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಕೇಳುವಾಗ ಅವನು ತಡವರಿಸಿದ್ದು ನೆನಪಾಗುತ್ತಿತ್ತು.

ಒಂಟಿತನ ಅವಳಿಗೆ ಹೊಸದಲ್ಲ. ಆದರೆ ನಡುವೆ ಒಬ್ಬರು ಬಂದು ಹೋದ ಮೇಲಿನ ಒಂಟಿತನ ಬೇರೆ. ಅದಕ್ಕೆ ಹಲ್ಲಿರುತ್ತದೆ.

ಒಂದು ರಜೆಯ ಮಧ್ಯಾಹ್ನ ಅವಳು ತಮ್ಮನ ಕುರ್ಚಿಯ ಎದುರು ಕೂತು ಬಾಯಿಬಿಟ್ಟು ಮಾತಾಡಿದಳು. ತಮ್ಮನ ಜೊತೆ ಅಲ್ಲ.

"ಯಾಕೆ ಕಿತ್ಕೊಂಡೆ ನನ್ನ ತಮ್ಮನ್ನ? ಇರೋದು ಅವನೊಬ್ಬನೇ ಅಂತ ನಿನಗೆ ಗೊತ್ತಿರಲಿಲ್ವಾ? ಇಷ್ಟು ವರ್ಷ ಒಂದು ಮಾತು ಆಡಲಿಲ್ಲ ನೀನು. ನಾನು ಮಾತ್ರ ಪ್ರತೀ ವಾರ ನಿಂತು ನಿನ್ನ ಪರವಾಗಿ ಉತ್ತರ ಹೇಳಬೇಕು..."

ಅತ್ತಳು. ಬೈದಳು. ಅಪ್ಪ ಕಲಿಸಿದ್ದು ಪಕ್ಕಕ್ಕಿಟ್ಟಳು. ಸಭೆಯವರು ಕೊಟ್ಟ ಮರ್ಯಾದೆ ಪಕ್ಕಕ್ಕಿಟ್ಟಳು. ಬಾಯಿಪಾಠದ ಉತ್ತರಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟಳು. 'ಇನ್ನೇನು ಉಳಿದಿದೆ ನೋಡೋಣ' ಎನ್ನುವ ಹಠ.

ಉಳಿದದ್ದು ಕಂಡಾಗ ಸುಮ್ಮನಾದಳು. ಇಷ್ಟು ಹೊತ್ತು ಅವಳು ಯಾರ ಜೊತೆ ಜಗಳವಾಡುತ್ತಿದ್ದಳು? ಇಲ್ಲದವರ ಮೇಲೆ ಯಾರಾದರೂ ವರ್ಷಗಟ್ಟಲೆ ಮುನಿಸಿಕೊಂಡಿರುತ್ತಾರಾ? ಆ ಕತ್ತಲ ಲಿಫ್ಟಿನಲ್ಲಿ ತಾನಾಗಿಯೇ ಬಾಯಿ ತೆರೆದು ಕರೆದದ್ದು ಯಾರನ್ನು?

'ದನಿ ಕೇಳಲಿಲ್ಲ ಅಂತ ಹೆದರಬೇಡಿ...' ಗ್ರೀಸು ಕೈಯವನ ಮಾತು ನೆನಪಾಯಿತು. ಕಾಲಡಿಯ ನೆಲ ಮೆಲ್ಲಗೆ ಜಾರಿದ್ದು ನೆನಪಾಯಿತು.

ತಮ್ಮ ಯಾಕೆ ಹೋದ ಎನ್ನುವುದಕ್ಕೆ ಉತ್ತರ ಸಿಗಲಿಲ್ಲ. ಸಿಗುತ್ತದೆಂದು ಹೇಳುವವರನ್ನು ನಂಬಬೇಡಿ. ಆದರೆ ಉತ್ತರವಿಲ್ಲದೆಯೂ ಅವಳು ಆ ಸಂಜೆ ಹಗುರಾಗಿ ಎದ್ದಳು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕಪಾಟಿನಲ್ಲಿಟ್ಟಳು.

ಮುಂದಿನ ಭಾನುವಾರ ಸಭೆ ಮುಗಿಯುವ ಹೊತ್ತಿಗೆ ಎದ್ದು ನಿಂತಳು.

"ನನಗೊಂದು ಮಾತು ಹೇಳೋದಿದೆ. ತಮ್ಮ ಹೋದ ಮೇಲೆ ನಾನು ಕರ್ತನ ಪ್ರಾರ್ಥನೆಯನ್ನ ಪೂರ್ತಿ ಹೇಳಿಲ್ಲ. ದೇವರ ಇಷ್ಟ ಅನ್ನೋ ಸಾಲು ಹಾರಿಸ್ತಾ ಬಂದೆ. ಹಾಗೆ ಹಾರಿಸ್ತಾನೇ ನಿಮ್ಮ ಮಕ್ಕಳಿಗೆ ಪಾಠ ಹೇಳಿದೆ, ಇನ್ನೊಬ್ಬರ ವಿಶ್ವಾಸ ತೂಗಿ ನೋಡಿದೆ. ನನ್ನದನ್ನ ಯಾರೂ ತೂಗಲಿಲ್ಲ, ನಾನೂ ತೂಗಲಿಲ್ಲ. ನನ್ನನ್ನ ಪಾಠದಿಂದ ಬಿಡಿಸಿ."

ದೊಡ್ಡ ಹಿರಿಯರು ಏನೋ ಗೊಣಗಿದರು. ಅಯ್ಯನವರು ಕೈಯೆತ್ತಿ ಸುಮ್ಮನಿರಿಸಿದರು.

"ಬಿಡಿಸಲ್ಲಮ್ಮ" ಎಂದರು. "ನೀವು ಪಾಠ ಹೇಳೋಕೆ ಶುರು ಮಾಡಿದ್ದೇ ಈಗ."

ಹೊರಗೆ ಚಿಕ್ಕಮ್ಮ ಅವಳ ತೋಳು ಹಿಡಿದಳು. ಕಣ್ಣು ಕೆಂಪಾಗಿತ್ತು.

"ಅವನು ಮದುವೆ ಕೇಳಿದ್ದನ್ನ ಸಾಕ್ಷಿಯ ದಿನವೇ ಬೇಕಂತ ಬಂದು ಹೇಳಿದೆ ಕಣೇ. ನೀನೂ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

"ಅಷ್ಟೇ ತಾನೇ? ಜಗಳಕ್ಕೆ ಅವನೂ ಸಿಗ್ತಾನೆ ಬಿಡು. ನನಗಿಂತ ಚೆನ್ನಾಗಿ ಆಡ್ತಾನೆ." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನೆಲ್ಲಿದ್ದಾನೋ, ಬರುತ್ತಾನೋ ಇಲ್ಲವೋ.

ಮರುದಿನ ಬೆಳಗ್ಗೆ ಕೆಲಸಕ್ಕೆ ಬಂದಾಗ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಮರಳಿನ ಮೂಟೆಗಳು. ಅವುಗಳ ನಡುವೆ ಅವನು, ಕನ್ನಡಕದ ಗಾಜಿನ ಮೇಲೂ ಧೂಳು.

ಅವಳು ಬಾಗಿಲ ಬಳಿಯೇ ನಿಂತಳು.

"ತಿಳ್ಕೊಂಡು ಬರ್ತೀನಿ ಅಂದಿದ್ರಿ" ಎಂದಳು.

ಅವನು ಮೂಟೆಯೊಂದರ ಮೇಲೆ ಕೂತ. "ಮೊದಲನೇ ಭಾನುವಾರ ನಿಮಗೋಸ್ಕರವೇ ಬಂದೆ. ಸುಳ್ಳು ಯಾಕೆ ಹೇಳಲಿ. ನೀವು ಗೊತ್ತಿಲ್ಲ ಅಂದ ಮೇಲೆ ಸಭೆಗೇ ಹೋಗಬಾರದು ಅಂದ್ಕೊಂಡೆ. ಆಗಲಿಲ್ಲ. ನನ್ನನ್ನ ಯಾರೂ ಅರಿಯದ ಒಂದು ಸಭೆಗೆ ಹೋಗಿ ಹಿಂದೆ ಕೂತೆ. ಅಲ್ಲಿ ನೀವಿರಲಿಲ್ಲ... ಆದ್ರೂ ಕೂತೆ. ಮುಂದಿನ ವಾರವೂ ಹೋದೆ. ನೀವಿಲ್ಲದೆಯೂ ನನಗೆ ಅಲ್ಲಿ ಕೆಲಸ ಇತ್ತು."

ಅವಳ ಕಣ್ಣು ತುಂಬಿತು.

"ಹಾಗಾದ್ರೆ ಈಗ ನಾನು ಬೇಡವಾ?"

"ಅಲ್ಲೇ ತೊಂದರೆ ಆಗಿರೋದು" ಎಂದ. "ನೀವಿಲ್ಲದೆ ಪ್ರಾರ್ಥನೆ ಮಾಡಬಲ್ಲೆ. ಮಾಡಿ ಮುಗಿಸಿದ ಮೇಲೆ, ಇದನ್ನ ಅವರಿಗೆ ಹೇಳಬೇಕಿತ್ತು ಅನ್ನಿಸುತ್ತೆ."

ಅವಳು ಒಳಗೆ ಬಂದು ಇನ್ನೊಂದು ಮೂಟೆಯ ಮೇಲೆ ಕೂತಳು. ಸೀರೆಗೆ ಮರಳು ಮೆತ್ತಿತು. ಲೆಕ್ಕಿಸಲಿಲ್ಲ.

"ನಾನೀಗ ಸಾಕ್ಷಿ ಹೇಳಬಲ್ಲೆ" ಎಂದಳು. "ಆದರೆ ಅದಕ್ಕೆ ಮೊದಲು ನನ್ನದನ್ನ ನೀವು ಕೇಳಿಸ್ಕೋಬೇಕು."

ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ಆ ಸಾಲು ಬಂತು. ತಡೆದಳು. ತಮ್ಮನ ಮುಖ ಬಂತು, ಆಸ್ಪತ್ರೆಯ ವರಾಂಡ ಬಂತು. ಎದುರು ಕೂತವನು ಸಾಲು ಎತ್ತಿಕೊಡಲಿಲ್ಲ, ಕಾದ. ಅವಳು ಆ ಸಾಲನ್ನು ಹೇಳಿದಳು. ಮೆಲ್ಲಗೆ, ಅಳುತ್ತಾ, ಪೂರ್ತಿಯಾಗಿ.

ಅವನೆಂದ, "ಈ ಸಲ ಹಾರಿಸಲಿಲ್ಲ."

"ಹಾರಿಸಿದ್ರೆ ಎದ್ದು ಹೋಗ್ತಿದ್ರಾ?"

"ಇಲ್ಲ. ಬಾಗಿಲಾಚೆ ಕಾಯ್ತಿದ್ದೆ."

"ದನಿ ಮಾಡದೇನಾ?"

"ದನಿ ಮಾಡದೇ" ಎಂದು ಅವನು ಕೈ ಚಾಚಿದ. ತೊಳೆದಿರಲಿಲ್ಲ. ಅವಳು ಹಿಡಿದುಕೊಂಡಳು.