ಮೀನಜ್ಜಿ ಕಾಣೆಯಾದ ಮಧ್ಯಾಹ್ನ

ಎಬೊ ತೇಕೊನ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಇಕ್ಕಳ, ತಂತಿಸುರುಳಿ, ಮರ ಕೆತ್ತುವ ಚಾಕು, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ, ಅರ್ಧ ತಿಂದ ಕೆಂಕಿ ಕಡುಬು ಒಂದೊಂದಾಗಿ ನೆಲಕ್ಕೆ ಬಿದ್ದವು. ಕೊನೆಗೆ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ. ಅದು ಧೂಳಿನ ಮೇಲೆ ಮೆಲ್ಲಗೆ ಹರಡಿಕೊಂಡಿತು.

"ಎಲ್ಲಿಟ್ಟಿದ್ದೀಯ?"

"ನಾನು ತಗೊಂಡಿಲ್ಲ."

"ನಿನ್ನೆ ನೀನೇ ಹೇಳಿದ್ದು. ಎಲ್ರೂ ಕೇಳಿಸ್ಕೊಂಡಿದ್ದಾರೆ. ನಮ್ಮಜ್ಜಿನ ಶನಿವಾರ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ."

"ಕೇಳ್ದೆ. ನೀನು ಆಗಲ್ಲ ಅಂದೆ. ಬಿಟ್ಟೆ. ಕದೀತೀನಿ ಅಂತ ಅಂದ್ನಾ?"

"ಕದಿಯೋರು ಹೇಳಿ ಕದೀತಾರಾ?"

ತೇಕೊ ಬಗ್ಗಿ ಅಂಗಿಯನ್ನು ಎತ್ತಿಕೊಳ್ಳಲಿಲ್ಲ.

ನಾವು ಹುಡುಕುತ್ತಿದ್ದ ಮೀನಜ್ಜಿ ಗೇಣುದ್ದದ ಒಂದು ಬೊಂಬೆ. ಒಳಗೆ ತಂತಿಯ ಮೂಳೆ, ಮೇಲೆ ಸ್ಪಂಜಿನ ಮಾಂಸ, ಮರದಲ್ಲಿ ಕೆತ್ತಿದ ಮುಖ. ಆ ಮುಖ ತೇಕೊನ ಸ್ವಂತ ಅಜ್ಜಿಯದು. ಕಡಲ ದಂಡೆಯಲ್ಲಿ ಮೀನು ಹೊಗೆಗಿಟ್ಟು ಮಾರುತ್ತಿದ್ದವಳು, ಹೋದ ವರ್ಷ ತೀರಿಕೊಂಡಿದ್ದಳು. ನಾಳೆ ಅವಳ ವರ್ಷದ ಕಾರ್ಯ. ಬಿಳಿ ಅಂಗಿ ಅದಕ್ಕೆ.

ನಮ್ಮದು ಸಿನಿಮಾ ಶಾಲೆಯ ವಿದ್ಯಾರ್ಥಿಗಳ ಬೊಂಬೆ ಚಿತ್ರ. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಫೋಟೊ ತೆಗೆ. ಮತ್ತೆ ಸರಿಸು, ಮತ್ತೆ ತೆಗೆ. ಬೆಳಗಿನಿಂದ ಸಂಜೆಯವರೆಗೆ ಹೀಗೆ ಬೆನ್ನು ಬಗ್ಗಿಸಿದರೆ ಮೀನಜ್ಜಿ ತೆರೆಯ ಮೇಲೆ ಒಂದು ಕೊಚ್ಚೆಗುಂಡಿ ದಾಟಿರುತ್ತಾಳೆ, ಅಷ್ಟೆ. ನಿರ್ದೇಶಕ ಎಬೊ. ಬೊಂಬೆಯನ್ನೂ ಅದರ ಬೀದಿಯನ್ನೂ ಮಾಡಿದವನು ತೇಕೊ. ಬೊಂಬೆಗೆ ನಡಿಗೆ ಕೊಡುವವಳು ಯಾಯ್ರಾ. ನಾನು ಕಾಫುಯಿ, ಸದ್ದು ಹಿಡಿಯುವವನು. ನಾಲ್ವರೂ ಎಷ್ಟು ದಣಿದಿದ್ದೆವೆಂದರೆ ಜಗಳವಾಡಲೂ ಎಬೊ ಒಬ್ಬನಲ್ಲೇ ಕಸುವು ಉಳಿದಿತ್ತು.

ಚಿತ್ರ ಒಪ್ಪಿಸಬೇಕಾದ್ದು ಸೋಮವಾರ. ಹೊಸ ಬೊಂಬೆ ಮಾಡಲು ವಾರಗಳೇ ಬೇಕು.

"ಸಂಜೆ ಶಾಲೆ ಮುಖ್ಯಸ್ಥರು ಬರ್ತಾರೆ," ಎಬೊ ಹೇಳಿದ. "ಅಷ್ಟರೊಳಗೆ ಅಜ್ಜಿ ಸಿಗದೇ ಇದ್ರೆ ನಿನ್ನ ಹೆಸರು ಹೇಳ್ತೀನಿ."

ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಒಂದು ಲೆನ್ಸ್ ಕಾಣೆಯಾದಾಗಿನಿಂದ ನಮ್ಮ ಶಾಲೆಯಲ್ಲಿ ಒಂದೇ ನಿಯಮ: ಸ್ಟುಡಿಯೋದ ವಸ್ತುವನ್ನು ಅನುಮತಿಯಿಲ್ಲದೆ ಹೊರಗೆ ಒಯ್ದವನು ತಾನೂ ಹೊರಗೆ. ತೇಕೊನ ಮನೆಯಲ್ಲಿ ಶಾಲೆಯ ಮೆಟ್ಟಿಲು ಇಷ್ಟು ಎತ್ತರ ಹತ್ತಿದವನು ಅವನೊಬ್ಬನೇ.

ನಾನು ಮೇಡಂ ಡೊಗ್ಬೆಯನ್ನು ಕರೆಯಲು ಹೋದೆ.

ಮೇಡಂ ಡೊಗ್ಬೆ ಚಿತ್ರ ಸಂಕಲನ ಕಲಿಸುವವರು. ಆ ಲೆನ್ಸನ್ನು ಪತ್ತೆ ಮಾಡಿದ್ದೂ ಅವರೇ. ಅಂದಿನಿಂದ ಯಾರ ಕೊಡೆ ಕಳೆದರೂ ಅವರ ಬಾಗಿಲು ತಟ್ಟುತ್ತಾರೆ. ಅವರು ಕಾಲನ್ನು ಕುರ್ಚಿಯ ಮೇಲೆ ಚಾಚಿ, ಕಣ್ಣು ಮುಚ್ಚಿ ಕೂತಿದ್ದರು.

"ಮಂಡಿ ನೋವು ಕಣೋ. ಊರಲ್ಲಿ ಪೊಲೀಸರು ಸತ್ತಿದ್ದಾರಾ?"

"ತೇಕೊನ್ನ ಓಡಿಸ್ತಾರೆ ಮೇಡಂ."

ಅವರು ಒಂದು ಕಣ್ಣು ತೆರೆದರು. "ಆ ಹುಡುಗನೇ ತಗೊಂಡ್ನಾ?"

"ಗೊತ್ತಿಲ್ಲ."

"ಸದ್ಯ. ಗೊತ್ತಿಲ್ಲ ಅನ್ನೋನು ಒಬ್ಬನಾದ್ರೂ ಇದ್ದಾನೆ." ಅವರು ಚಪ್ಪಲಿ ಹುಡುಕಿದರು.

ಹೊರಗೆ ಮರುಭೂಮಿಯ ಧೂಳು ಹೊತ್ತು ಬರುವ ಹರ್ಮಟ್ಟಾನ್ ಗಾಳಿ. ಅಕ್ರಾದ ಆಕಾಶವೇ ಬೂದಿಯಾಗಿತ್ತು. ತುಟಿ ಒಡೆದು ಮಾತೂ ಉರಿಯುತ್ತಿತ್ತು.

ಸ್ಟುಡಿಯೋದಲ್ಲಿ ಮೀನಜ್ಜಿಯ ಬೀದಿ ದೊಡ್ಡ ಮೇಜಿನ ಮೇಲೆ ಹಾಗೇ ಇತ್ತು. ಕೆಂಪು ಮಣ್ಣು ಅಂಟಿಸಿದ ಹಲಗೆಯ ನೆಲ. ಒಂದು ತುದಿಯಲ್ಲಿ ಮಾರ್ಕೆಟ್ಟು, ದೀಪದ ಕಂಬ, ಬಾಳೆಹಣ್ಣು ಮಾರುವ ಬೊಂಬೆ. ಇನ್ನೊಂದು ತುದಿಯಲ್ಲಿ ತಗಡಿನ ಮಾಡಿನ, ನೀಲಿ ಬಾಗಿಲ ಮನೆ. ಆ ಮನೆಯೊಳಗೂ ತೇಕೊ ಚಾಪೆ, ಒಲೆ, ಮಣೆ ಎಲ್ಲ ಮಾಡಿಟ್ಟಿದ್ದ. ಬಾಗಿಲು ಇಡೀ ಚಿತ್ರದಲ್ಲಿ ಒಮ್ಮೆಯೂ ತೆರೆಯುವುದಿಲ್ಲ. 'ಯಾರಿಗೆ ಕಾಣಲಿ ಅಂತ ಇದೆಲ್ಲ, ಇಲಿಗಾ?' ಎಂದು ಎಬೊ ತಿಂಗಳುಗಟ್ಟಲೆ ಅವನನ್ನು ಹಂಗಿಸಿದ್ದ.

"ಏನಾಯ್ತು, ಮೊದಲಿಂದ ಹೇಳಿ," ಮೇಡಂ ಸ್ಟೂಲಿನ ಮೇಲೆ ಕೂತರು. "ಒಬ್ಬೊಬ್ರೇ. ಕೂಗಾಡಬೇಡಿ, ನನಗೆ ಶಕ್ತಿ ಇಲ್ಲ."

ಎಬೊ ಶುರು ಮಾಡಿದ. "ಅಜ್ಜಿ ಮಾರ್ಕೆಟ್ಟಿಂದ ಮನೆಗೆ ನಡೀತಾಳೆ. ಅದೇ ಕೊನೇ ಶಾಟು. ಮೂರು ಸಲ ತೆಗೆದ್ವಿ, ಸರಿಬರಲಿಲ್ಲ. ಇವತ್ತು ನಾಲ್ಕನೇದು. ಅಜ್ಜಿನ ಕಂಬದ ಹತ್ರ ನಿಲ್ಸಿ ಮೊದಲನೇ ಫೋಟೊ ತೆಗೆದ್ವಿ, ಕರೆಂಟು ಹೋಯ್ತು. ನಾನು ಹಿತ್ತಲಿಗೆ ಹೋಗಿ ಜನರೇಟರ್ ಹಗ್ಗ ಎಳೀತಾ ಇದ್ದೆ."

"ಒಬ್ಬನೇ?"

"ಒಬ್ಬನೇ. ಅದು ಶುರುವಾಗ್ಲೇ ಇಲ್ಲ. ಆಮೇಲೆ ಕರೆಂಟೇ ಬಂತು. ಒಳಗೆ ಬಂದು ನೋಡಿದ್ರೆ ಅಜ್ಜಿ ಇಲ್ಲ."

"ನೀನು?" ಮೇಡಂ ತೇಕೊನ ಕಡೆ ತಿರುಗಿದರು.

"ಇಲ್ಲೇ ಇದ್ದೆ ಮೇಡಂ. ಆಮೇಲೆ ಗೇಟಿನ ಹತ್ರ ಕೆಂಕಿ ತರೋಕೆ ಹೋದೆ. ಅಷ್ಟೇ."

"ನೋಡಿ! ಇಲ್ಲೇ ಇದ್ನಂತೆ!" ಎಬೊ ಕೂಗಿದ.

"ನೀನು ಸುಮ್ನಿರು. ಯಾಯ್ರಾ?"

ಯಾಯ್ರಾ ಗೋಡೆಗೆ ಒರಗಿ ನಿಂತಿದ್ದಳು. ಮೈಮೇಲೆ ಎಂದಿನ ಕಪ್ಪು ಬಟ್ಟೆ. ತಿಳಿಬಣ್ಣ ಉಟ್ಟರೆ ಅದರ ಬೆಳಕು ಸೆಟ್ಟಿನ ಮೇಲೆ ಬೀಳುತ್ತದೆ. ದಿನವೂ ಸಾವಿನ ಮನೆಗೆ ಹೊರಟವಳು ಎಂದು ನಾವು ಚುಡಾಯಿಸುತ್ತಿದ್ದೆವು. ಈಚೆಗೆ ಚುಡಾಯಿಸುವುದನ್ನೂ ಬಿಟ್ಟಿದ್ದೆವು.

"ನಲ್ಲಿ ಹತ್ರ ಇದ್ದೆ. ಕೈ ತೊಳೀತಿದ್ದೆ."

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ನಾನು ಮಾಳಿಗೆ ಮೇಲೆ ಗಾಳಿ ಸದ್ದು ಹಿಡೀತಿದ್ದೆ," ನಾನೇ ಹೇಳಿದೆ. "ನನ್ನನ್ನೂ ಯಾರೂ ನೋಡಿಲ್ಲ."

"ಚೆಂದ. ನಾಲ್ಕು ಜನ, ನಾಲ್ಕು ಮೂಲೆ." ಮೇಡಂ ಪರದೆಯ ಕಡೆ ನೋಡಿದರು. ಅದರಲ್ಲಿ ಕೊನೆಯ ಫೋಟೊ ನಿಂತಿತ್ತು. ಕಂಬದ ಕೆಳಗೆ ಮೀನಜ್ಜಿ, ತಲೆಯ ಮೇಲೆ ಮೀನಿನ ಬೋಗುಣಿ. ಮೇಜಿನ ಮೇಲೆ ಅದೇ ಕಂಬ, ಅದೇ ನೆಲ. ಅಜ್ಜಿಯನ್ನು ಮಾತ್ರ ಒರೆಸಿ ತೆಗೆದ ಹಾಗಿತ್ತು.

"ಹುಡುಕಿದ್ರಾ?"

"ಬೀರು, ಅಟ್ಟ, ಕಸದ ಡಬ್ಬಿ, ಎಲ್ರ ಚೀಲ. ಎಲ್ಲಾ ನೋಡಿದ್ವಿ."

"ಇಲ್ಲಿ, ನಿಂತಿದ್ದ ಜಾಗದಲ್ಲಿ? ಏನಾದ್ರೂ ಸಿಕ್ತಾ?"

"ಏನೂ ಇಲ್ಲ ಮೇಡಂ. ನೋಡಿ ಎಷ್ಟು ಚೊಕ್ಕವಾಗಿದೆ."

"ಹೌದು," ಮೇಡಂ ನಿಧಾನವಾಗಿ ಹೇಳಿದರು. "ಚೊಕ್ಕವಾಗಿದೆ."

ಅವರು ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ಬೊಂಬೆ ಬೀಳದ ಹಾಗೆ ಹೇಗೆ ನಿಲ್ಲುತ್ತೆ? ಯಾಯ್ರಾ, ನಡೆಸಿ ತೋರಿಸು. ಆ ಬಾಳೆಹಣ್ಣಿನವನೇ ಸಾಕು."

ಯಾಯ್ರಾ ಬಂದಳು. ಮೇಜಿನ ಅಡಿಗೆ ಒಂದು ಕೈ ಹಾಕಿದಳು. "ಪಾದದ ಕೆಳಗೆ ಸ್ಕ್ರೂ ಇರುತ್ತೆ ಮೇಡಂ. ಹಲಗೆ ತೂತಿನಿಂದ ಕೆಳಗಿಳಿಯುತ್ತೆ. ಅಡಿಯಿಂದ ನಟ್ಟು ಬಿಗೀಬೇಕು. ಈಗ ಬಲಗಾಲು ಎತ್ಬೇಕು ಅಂದ್ರೆ ನಟ್ಟು ಬಿಚ್ಚಿ, ಹೀಗೆ ಎತ್ತಿ..."

ಬಾಳೆಹಣ್ಣಿನವನ ಕಾಲು ಮೇಲೆದ್ದಿತು. ಇಡೀ ಬೊಂಬೆ ಒಂದು ಉಸಿರಿನಷ್ಟು ಮುಂದೆ ಬಾಗಿತು. ಜೀವ ಬಂದ ಹಾಗೆ. ನೂರು ಸಲ ನೋಡಿದ್ದರೂ ನನಗೆ ಮೈ ಜುಮ್ಮೆಂದಿತು.

"ಜೋರಾಗಿ ಕಿತ್ತರೆ?"

"ಕಾಲು ಮುರಿಯುತ್ತೆ." ಅವಳ ಇನ್ನೊಂದು ಕೈ ಜೇಬಿನಿಂದ ಕೆಂಪು ಜೇಡಿಯ ಉಂಡೆ ತೆಗೆದು, ಚೂರು ಚಿವುಟಿ, ಕಾಲು ಬಿಟ್ಟ ತೂತಿಗೆ ಒತ್ತಿ, ಹೆಬ್ಬೆರಳಿನಿಂದ ನೆಲದ ಸಮಕ್ಕೆ ತೀಡಿತು. ಅವಳು ಆ ಕಡೆ ನೋಡಲೂ ಇಲ್ಲ. "ಆಮೇಲೆ ಮುಂದೆ ಇನ್ನೊಂದು ತೂತು ಕೊರೆದು, ಅಲ್ಲಿ ಬಿಗಿಯೋದು."

"ಹಾಗಾದ್ರೆ ಅಡಿಯಿಂದ ನಟ್ಟು ಬಿಚ್ಚಿ, ಕಾಲು ಮುರಿಯದ ಹಾಗೆ ತೆಗೆದಿದ್ದಾರೆ!" ಎಬೊ ಬೆರಳು ಚಾಚಿದ. "ಗೊತ್ತಿದ್ದೋರು! ಬೊಂಬೆ ಮಾಡಿದೋನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ತೇಕೊ ತಲೆ ತಗ್ಗಿಸಿದ. "ನಾನು ನಮ್ಮಮ್ಮನಿಗೆ ಹೇಳಿದ್ದೆ," ಎಂದ, ಯಾರಿಗೂ ಅಲ್ಲದ ಹಾಗೆ. "ನಾಳೆ ಅಜ್ಜಿ ಬರ್ತಾಳೆ, ಫೋಟೊ ಪಕ್ಕ ನಿಲ್ಲಿಸೋಣ ಅಂತ. ಈಗ ನಾನೇ ಹೇಗೆ ಹೋಗ್ಲಿ, ಕಳ್ಳ ಅನ್ನಿಸ್ಕೊಂಡು?"

ಯಾಯ್ರಾ ಮತ್ತೆ ಗೋಡೆಗೆ ಒರಗಿದಳು. ಕಣ್ಣು ಮುಚ್ಚಿಕೊಂಡಳು.

"ಕಾಫುಯಿ," ಮೇಡಂ ಕರೆದರು. "ಮೇಜಿನ ಅಡಿಗೆ ನುಗ್ಗು. ನನ್ನ ಕೈಲಾಗಲ್ಲ."

ನಾನು ನುಗ್ಗಿದೆ. ಮೇಲೆ ದೀಪಗಳು ಉರಿಯುತ್ತಿದ್ದವು, ಕೆಳಗೆ ಕತ್ತಲೆ.

"ಏನು ಕಾಣುತ್ತೆ?"

"ತೂತುಗಳು ಮೇಡಂ. ಸಾಲುಸಾಲು. ಮನೆವರೆಗೂ."

"ಎಲ್ಲಾದ್ರೂ ಬೆಳಕು ತೂರಿ ಬರ್ತಿದೆಯಾ?"

"ಇಲ್ಲ. ಎಲ್ಲಾ ಮುಚ್ಚಿವೆ."

"ಎಲ್ಲಾ? ಕಂಬದ ಕೆಳಗೆ ಸರಿಯಾಗಿ ನೋಡು. ಇವತ್ತು ಅಜ್ಜಿ ನಿಂತಿದ್ದ ಜಾಗ."

ನಾನು ಬೆರಳಿಟ್ಟು ನೋಡಿದೆ. ಅಲ್ಲಿ ಎರಡು ತೂತು. ಎರಡೂ ತುಂಬಿದ್ದವು. ಬೆರಳಿಗೆ ಜೇಡಿ ಇನ್ನೂ ಮೆತ್ತಗೆ ತಗುಲಿತು.

"ಮುಚ್ಚಿವೆ ಮೇಡಂ."

ನಾನು ಹೊರಗೆ ತೆವಳಿದಾಗ ಮೇಡಂ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ನೀವೆಲ್ಲ ಇಲ್ಲದ್ದನ್ನ ಹುಡುಕಿದ್ರಿ. ಬೊಂಬೆ ಇಲ್ಲ, ಬೊಂಬೆ ಇಲ್ಲ. ಇರಬೇಕಾಗಿದ್ದದ್ದು ಇನ್ನೊಂದೂ ಇಲ್ಲ, ಅದು ಯಾರಿಗೂ ಕಾಣಲಿಲ್ಲ. ಅಜ್ಜಿನ ಎತ್ತಿದ್ಮೇಲೆ ಅಲ್ಲಿ ಎರಡು ತೂತು ಬಾಯಿ ತೆರ್ಕೊಂಡು ಇರಬೇಕಿತ್ತಲ್ವಾ? ಯಾಕಿಲ್ಲ?"

"ಕಳ್ಳ ಮುಚ್ಚಿರಬೇಕು," ಎಬೊ ತೊದಲಿದ. "ಗುರುತು ಸಿಗದೇ ಇರಲಿ ಅಂತ."

"ಯಾವ ಗುರುತು ಮಾರಾಯ? ಬೊಂಬೆ ಹೋಗಿರೋದೇ ಊರಿಗೆಲ್ಲ ಕಾಣ್ತಿದೆ. ಸಿಕ್ಕಿಬೀಳೋ ಭಯದಲ್ಲಿ ನಿಂತು ನೆಲ ತೀಡ್ತಾರಾ? ಇದು ಮನಸ್ಸು ಮುಚ್ಚಿದ್ದಲ್ಲ. ಬೆರಳು ಮುಚ್ಚಿದ್ದು." ಅವರು ತೇಕೊನ ಕಡೆ ನೋಡಿದರು. "ರಿಪೇರಿಗೆ ಬೊಂಬೆ ಎತ್ತಿದಾಗ ನೀನು ತೂತು ಮುಚ್ತೀಯಾ?"

"ಇಲ್ಲ ಮೇಡಂ. ಅದಕ್ಕೇ ದಿನಾ ಇವಳ ಹತ್ರ ಬೈಸ್ಕೋತೀನಿ..." ಅವನು ತಟ್ಟನೆ ನಿಲ್ಲಿಸಿದ.

"ಎಬೊ?"

"ನನ್ನನ್ನ ಸೆಟ್ಟು ಮುಟ್ಟೋಕೇ ಬಿಡಲ್ಲ."

"ಕಾಲೆತ್ತಿದ ಕೂಡಲೇ ತೂತು ಮುಚ್ಚೋ ಬೆರಳು ಇಲ್ಲಿ ಒಂದೇ. ಈಗ ನನ್ನ ಕಣ್ಣೆದುರಿಗೂ ಮುಚ್ಚಿತು. ಅದರ ಒಡತಿಗೇ ಗೊತ್ತಾಗಲಿಲ್ಲ. ಅಲ್ವೇನಮ್ಮಾ ಯಾಯ್ರಾ?"

ಯಾಯ್ರಾ ತನ್ನ ಹೆಬ್ಬೆರಳು ನೋಡಿಕೊಂಡಳು. ಉಗುರಿನ ಸಂದಿಯೆಲ್ಲ ಕೆಂಪು. ಅವಳ ಮುಖದಲ್ಲಿ ಭಯವಿರಲಿಲ್ಲ. ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕವಳ ಮುಖ ಅದು.

ಅವಳು ಮೇಜಿನ ಆ ತುದಿಗೆ ನಡೆದಳು. ಎರಡು ಬೆರಳಿನಿಂದ ನೀಲಿ ಬಾಗಿಲು ತೆರೆದಳು.

ಒಳಗೆ, ತೇಕೊ ಯಾರಿಗೂ ಕಾಣದೆ ನೇಯ್ದಿದ್ದ ಚಾಪೆಯ ಮೇಲೆ, ಮೀನಜ್ಜಿ ಮಗ್ಗುಲಾಗಿ ಮಲಗಿದ್ದಳು. ಬೋಗುಣಿ ಪಕ್ಕದಲ್ಲಿತ್ತು. ತಲೆವಸ್ತ್ರ ಮಡಿಸಿ ದಿಂಬು ಮಾಡಿತ್ತು.

"ಮೂರು ಸಲ ಮನೆಗೆ ಬಂದ್ಲು," ಯಾಯ್ರಾ ಹೇಳಿದಳು. "ಮೂರು ಸಲವೂ ನೀನು ಅವಳನ್ನ ವಾಪಸ್ ಮಾರ್ಕೆಟ್ಟಿಗೆ ಕಳಿಸ್ದೆ ಎಬೊ. ದಣಿವು ಕಾಣ್ತಿಲ್ಲ, ಇನ್ನೂ ದಣೀಬೇಕು, ಇನ್ನೂ ದಣೀಬೇಕು. ಇವತ್ತು ಕರೆಂಟು ಹೋದಾಗ ಕಂಬದ ಕೆಳಗೆ ನಿಂತಿದ್ಲು. ನನ್ನ ಕೈಲಿ ನಡೆಸೋಕೆ ಆಗಲಿಲ್ಲ. ಎತ್ಕೊಂಡು ಹೋಗಿ ಮಲಗಿಸ್ದೆ."

"ಸೋಮವಾರದವರೆಗೆ ಸಿಗದೇ ಇದ್ರೆ ಮೂರನೇದನ್ನೇ ಹಾಕ್ಬೇಕಾಗುತ್ತೆ," ಮೇಡಂ ಹೇಳಿದರು. "ಹಾಗಾ?"

"ಹೂಂ. ಮೂರನೇದು ಸರಿಯಾಗೇ ಇತ್ತು." ಅವಳು ತೇಕೊನತ್ತ ತಿರುಗಿದಳು. "ಇದೆಲ್ಲಾ ನಿನ್ನ ತಲೆ ಮೇಲೆ ಬರುತ್ತೆ ಅಂದ್ಕೊಂಡಿರಲಿಲ್ಲ ಕಣೋ. ಚೀಲ ಸುರಿದಾಗಲೇ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

ತೇಕೊ ಬಗ್ಗಿ ಆ ಪುಟ್ಟ ಬಾಗಿಲೊಳಗೆ ಬಹಳ ಹೊತ್ತು ನೋಡಿದ. "ಚಾಪೆ ಸರಿಯಾದ ಅಳತೇದೇ ಆಗಿದೆ," ಎಂದ. ಆಮೇಲೆ ಮುಖ ಗಂಟಿಕ್ಕಿಕೊಂಡು, "ನನ್ನ ಚೀಲ ಮಾತ್ರ ನೀನೇ ತುಂಬ್ಕೊಡು," ಎಂದ.

ಅವಳು ನೆಲದಲ್ಲಿ ಕೂತು ಇಕ್ಕಳ, ತಂತಿ, ಚಾಕು ಎಲ್ಲ ಎತ್ತಿಡತೊಡಗಿದಳು.

"ವಸ್ತು ಸ್ಟುಡಿಯೋದಿಂದ ಹೊರಗೆ ಹೋಗಿಲ್ಲ," ಮೇಡಂ ಎದ್ದರು. "ಮನೆಯೊಳಗೇ ಇದೆ. ಮುಖ್ಯಸ್ಥರಿಗೆ ಹೇಳೋಕೆ ಏನೂ ಇಲ್ಲ. ಎಬೊ, ಆ ಮೂರನೇದನ್ನ ಹಾಕು ನೋಡೋಣ."

ಪರದೆಯ ಮೇಲೆ ಮೀನಜ್ಜಿ ಬೀದಿಯುದ್ದಕ್ಕೂ ನಡೆದಳು. ಮಾರಾಟವಾಗದ ಮೀನಿನ ಭಾರಕ್ಕೆ ಕುತ್ತಿಗೆ ನಡುಗಿತು. ನೀಲಿ ಬಾಗಿಲ ಮುಂದೆ ಅವಳು ನಿಂತಳು. ಕೈ ಚಾಚಿದಳು, ಚಾಚಿದ ಕೈಯನ್ನು ಬಾಗಿಲಿಗೆ ಊರಿ, ತಳ್ಳುವ ಮೊದಲು, ಸುಮ್ಮನೆ ಒಂದು ಗಳಿಗೆ ಹಾಗೇ ಉಳಿದಳು. ಅಷ್ಟೇ. ತೇಕೊ ಮೂಗು ಒರೆಸಿಕೊಂಡ.

ಎಬೊ ಪರದೆಯ ಹತ್ತಿರ ಬಾಗಿದ. "ಆ ಕೈ ನಾನು ನೋಡೇ ಇರಲಿಲ್ಲ," ಎಂದ. ಆಮೇಲೆ ಅವನ ಕಣ್ಣು ಮತ್ತೆ ಹೊಳೆಯತೊಡಗಿತು. "ಯಾಯ್ರಾ, ಇದೇ ನನಗೆ ಬೇಕಾಗಿದ್ದು. ಆ ಕೈ ಇನ್ನೊಂಚೂರು ಹೊತ್ತು ಇದ್ರೆ... ಕೇಳಿಲ್ಲಿ. ಮುಖ್ಯಸ್ಥರ ಕಾಲು ಹಿಡಿದಾದ್ರೂ ಇನ್ನೊಂದು ವಾರ ತಗೋತೀನಿ. ಸಹಾಯಕ್ಕೆ ಇಬ್ಬರನ್ನ ಕರೆಸ್ತೀನಿ. ಚಿತ್ರದಲ್ಲಿ ನನ್ನ ಹೆಸರಿಗಿಂತ ಮೊದಲು ನಿನ್ನ ಹೆಸರು. ಇನ್ನೊಂದೇ ಒಂದು ಸಲ ನಡೆಸ್ತೀಯಾ?"

ಯಾಯ್ರಾ ಬಿಳಿ ಅಂಗಿಯನ್ನು ಕೊಡವಿ, ಮಡಿಸಿ, ಚೀಲದ ತಳದಲ್ಲಿ ಹಾಸಿದಳು. ಕೈ ತನ್ನ ಬಟ್ಟೆಗೆ ಒರೆಸಿಕೊಂಡು ನೀಲಿ ಬಾಗಿಲೊಳಗಿಂದ ಅಜ್ಜಿಯನ್ನು ಎತ್ತಿ, ಅದರ ಮೇಲೆ ಮಲಗಿಸಿ, ಚೀಲವನ್ನು ತೇಕೊನ ಕೈಗೆ ಕೊಟ್ಟಳು. ಮೇಡಂ, ಒಯ್ಯಿ ಎಂಬಂತೆ, ತಲೆಯಾಡಿಸಿದರು.

"ಇಲ್ಲ," ಎಂದಳು. "ಅವಳು ಮನೆಗೆ ಬಂದಾಯ್ತು."